ಆರು ಗಂಟೆಯ ಲೆಕ್ಕ

ಮಳೆಗಾಲದಲ್ಲಿ ಊರಿಗೆ ಹೋದರೆ ರಾತ್ರಿ ಊಟ ಮುಗಿಸಿ ನಾವೆಲ್ಲ ಬಚ್ಚಲ ಒಲೆಯ ಮುಂದೆ ಸೇರುತ್ತೇವೆ. ಕೆಂಡದ ಮೇಲೆ ಹಲಸಿನ ಹಪ್ಪಳ ಸುಡುತ್ತಿರುತ್ತದೆ. ಚಿಕ್ಕಪ್ಪನ ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಜಾಗ ಮಾಡಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾ, ಜರ್ಮನಿ ಕಥೆ ಹೇಳೇ. ಆ ನೋಟ್‌ಬುಕ್ಕಿನದ್ದು." ಹಿಮ ಬಿದ್ದದ್ದು, ರೈಲು ಓಡಿದ್ದು ಎಲ್ಲ ಅವರಿಗೆ ಬೇಗ ಸಾಕಾಗುತ್ತದೆ. ಒಂದು ಭಾನುವಾರದ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ನಾನು ಏನು ಹೇಳಿದೆ, ಆ ಮನೆಯವರೇನು ಹೇಳಿದರು ಎಂಬುದಷ್ಟೇ ಬೇಕು. ಆ ಸಂಜೆಯ ಕಥೆಯನ್ನೇ ಬರೆಯುತ್ತಿದ್ದೇನೆ. ಆದರೆ ಅಲ್ಲಿಗೆ ಹೋಗಿ ಮುಟ್ಟಿದ ದಾರಿಯನ್ನು ಹೇಳದೆ ಅದು ಅರ್ಥವಾಗುವುದಿಲ್ಲ.

2017ರಲ್ಲಿ ಶಿವಮೊಗ್ಗದಲ್ಲಿ ಬಿ.ಎ. ಮುಗಿಸಿದ್ದೆ. ಮುಂದೆ ಓದುವ ಮನಸ್ಸಿತ್ತು. ಏನು ಓದುತ್ತೀ ಎಂದು ಕೇಳಿದರೆ ಉತ್ತರ ಇರಲಿಲ್ಲ. ಬೆಂಗಳೂರಿನ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಲು ಸೇರಿದೆ. ಓಪೇರ್ ಎಂಬ ದಾರಿಯೊಂದಿದೆ ಎಂದು ನನಗೆ ಹೇಳಿದವಳು ಅಲ್ಲಿನ ಸಹಪಾಠಿ. ಜರ್ಮನಿಯ ಒಂದು ಸಂಸಾರದ ಜೊತೆ ಒಂದು ವರ್ಷದವರೆಗೆ ಇರಬಹುದು. ಮಕ್ಕಳನ್ನು ನೋಡಿಕೊಳ್ಳಬೇಕು, ಸಣ್ಣಪುಟ್ಟ ಮನೆಗೆಲಸಕ್ಕೆ ಕೈಜೋಡಿಸಬೇಕು. ಊಟ, ಕೋಣೆ, ವಿಮೆ ಆ ಮನೆಯವರದ್ದು. ಕೈಖರ್ಚಿಗೆ ದುಡ್ಡು ಕೊಡುತ್ತಾರೆ, ಭಾಷೆ ಕಲಿಯಲು ಬಿಡುವು ಕೊಡುತ್ತಾರೆ. ವಯಸ್ಸು 27 ತುಂಬಿರಬಾರದು, ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ತಿಳಿದಿರಬೇಕು. ನನಗೆ ಎರಡೂ ಇದ್ದವು.

ಊರಿನಲ್ಲಿ ವಿಷಯ ಎತ್ತಿದಾಗ ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಡಿಗ್ರಿ ಮಾಡಿದೋಳು ಕಂಡೋರ ಮಕ್ಕಳ ಅಂಡು ತೊಳೆಯೋಕೆ ಅಷ್ಟು ದೂರ ಹೋಗ್ಬೇಕಾ? ನಾಳೆ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ? ಮಗಳು ಮನೆಗೆಲಸಕ್ಕೆ ಹೋಗಿದಾಳೆ ಅಂತ್ಲಾ?"

ನಾನು ಏನಾದರೂ ಹೇಳುವ ಮೊದಲೇ ಜಗುಲಿಯಲ್ಲಿದ್ದ ಅಜ್ಜಿ ಮಾತು ಹಿಡಿದರು. "ಅಲ್ವೇ, ಮಕ್ಕಳನ್ನ ನೋಡ್ಕೊಳ್ಳೋದು ಕಡಿಮೆ ಕೆಲಸ ಅಂತ ಯಾರು ಹೇಳಿದ್ದು ನಿನಗೆ? ನೀನು ಇಷ್ಟು ವರ್ಷ ಮಾಡಿದ್ದೇನು ಹಾಗಾದ್ರೆ?"

ಅಮ್ಮ ಮಾತಾಡಲಿಲ್ಲ. ಅಪ್ಪ ಒಪ್ಪಂದದ ಪ್ರತಿಯನ್ನು ತರಿಸಿಕೊಂಡು ನನ್ನಿಂದ ಸಾಲು ಸಾಲು ಓದಿಸಿ ಅರ್ಥ ಕೇಳಿದರು. ಅಡಿಕೆ ಮಂಡಿಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡರು: ದಿನಕ್ಕೆ ಹೆಚ್ಚೆಂದರೆ 6 ಗಂಟೆ, ವಾರಕ್ಕೆ 30. ವಾರಕ್ಕೆ ಒಂದೂವರೆ ದಿನ ರಜೆ. ವರ್ಷ ಪೂರ್ತಿ ಇದ್ದರೆ ನಾಲ್ಕು ವಾರ ರಜೆ. ತಿಂಗಳಿಗೆ ಕೈಖರ್ಚು 260 ಯೂರೋ, ಭಾಷಾ ತರಗತಿಗೆಂದು 50 ಯೂರೋ. ಬರೆದದ್ದನ್ನು ಒಮ್ಮೆ ನೋಡಿ ಅಪ್ಪ ಹೇಳಿದ್ದು ಇಷ್ಟೇ: "ಲೆಕ್ಕ ಇಟ್ಟಿರೋ ಕೆಲಸಕ್ಕೆ ಹೆದರೋದು ಬೇಡ. ಆದ್ರೆ ಲೆಕ್ಕ ನೀನೂ ಇಟ್ಕೋ." ಆ ಚೀಟಿಯನ್ನು ನನ್ನ ಪಾಸ್‌ಪೋರ್ಟಿನೊಳಗೆ ಸಿಕ್ಕಿಸಿದರು.

ಸೆಪ್ಟೆಂಬರ್ 2018ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಇಳಿದು ಅಲ್ಲಿಂದ ರೈಲಿನಲ್ಲಿ ಫ್ರೈಬುರ್ಗ್ ಸೇರಿದೆ. ಜರ್ಮನಿಯ ನೈರುತ್ಯದ ಮೂಲೆಯಲ್ಲಿರುವ ಊರು ಅದು. ಒಂದು ಕಡೆ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳು, ಇನ್ನೊಂದು ಕಡೆ ರೈನ್ ನದಿಯಾಚೆ ಫ್ರಾನ್ಸ್. ಹಳೇ ಪೇಟೆಯ ಬೀದಿಗಳ ಅಂಚಿನಲ್ಲಿ ಗೇಣಗಲದ ನೀರಿನ ಕಾಲುವೆಗಳು ಹರಿಯುತ್ತವೆ. ಅವಕ್ಕೆ ಬೆಖ್ಲೆ ಎನ್ನುತ್ತಾರೆ. ಮಕ್ಕಳು ಮರದ ಪುಟ್ಟ ದೋಣಿಗೆ ದಾರ ಕಟ್ಟಿ ಅದರಲ್ಲಿ ಎಳೆಯುತ್ತವೆ. ನಾನು ಇದ್ದದ್ದು ವೊಬಾನ್ ಎಂಬ ಬಡಾವಣೆಯಲ್ಲಿ. 1992ರವರೆಗೆ ಫ್ರೆಂಚ್ ಸೈನ್ಯದ ಶಿಬಿರವಾಗಿದ್ದ ಜಾಗ. ಸೈನ್ಯ ಹೋದ ಮೇಲೆ ಕಾರಿನ ಕಾಟವಿಲ್ಲದ ಬಡಾವಣೆಯಾಗಿ ಕಟ್ಟಿದ್ದಾರೆ. ಕಾರುಗಳೆಲ್ಲ ಬಡಾವಣೆಯ ಅಂಚಿನ ಗ್ಯಾರೇಜಿನಲ್ಲಿ ನಿಲ್ಲುತ್ತವೆ, ಬೀದಿ ಮಕ್ಕಳದ್ದು. ಸಂಜೆ ಬೀದಿಯ ನಡುವೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕೂತ ಮಕ್ಕಳನ್ನು ನೋಡಿ ಇಲ್ಲಿ ಬದುಕುವುದು ಕಷ್ಟವಾಗಲಾರದು ಅನಿಸಿತು.

ಮನೆಯ ಯಜಮಾನತಿ ಆಸ್ಪತ್ರೆಯಲ್ಲಿ ವೈದ್ಯೆ. ಆಕೆಯ ಗಂಡ ದಿನಾ ರೈಲಿನಲ್ಲಿ ಗಡಿ ದಾಟಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಕೆಲಸಕ್ಕೆ ಹೋಗುತ್ತಿದ್ದರು. ಹಿರಿಯವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ನಾನು ಹೋದ ಹೊಸದರಲ್ಲೇ ಹಿರಿಯವಳು ಒಂದನೇ ತರಗತಿಗೆ ಸೇರಿದಳು. ಶಾಲೆಯ ಮೊದಲ ದಿನ ಅಲ್ಲಿ ಮಗುವಿನ ಕೈಗೆ ಅದರ ಅರ್ಧದಷ್ಟು ಎತ್ತರದ ರಟ್ಟಿನ ಕೋನ್ ಕೊಡುತ್ತಾರೆ, ಒಳಗೆ ಬಣ್ಣದ ಪೆನ್ಸಿಲ್, ಮಿಠಾಯಿ, ಸಣ್ಣ ಆಟಿಕೆ ತುಂಬಿರುತ್ತದೆ. ಅವಳು ಅದನ್ನು ತಬ್ಬಿಕೊಂಡು ನಡೆಯುವಾಗ ಮುಂದಿನ ದಾರಿ ಕಾಣುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಆವತ್ತಿಗೆ ನಮ್ಮಿಬ್ಬರ ಪರಿಚಯ ಗಟ್ಟಿಯಾಯಿತು.

ಚಿಕ್ಕವನನ್ನು ಗೆಲ್ಲಲು ಹೆಚ್ಚು ದಿನ ಬೇಕಾಯಿತು. ಅವನ ಶಿಶುವಿಹಾರದಲ್ಲಿ ಮಳೆ ಬಂದರೂ ಮಕ್ಕಳನ್ನು ಹೊರಗೇ ಆಡಿಸುತ್ತಿದ್ದರು. ಹಾಗಾಗಿ ಬೆಳಗಿನ ದೊಡ್ಡ ಕೆಲಸವೆಂದರೆ ಅವನಿಗೆ ಬಟ್ಟೆ ತೊಡಿಸುವುದು. ಮೊದಲು ಉಣ್ಣೆಯ ಕಾಲುಚೀಲದಂಥ ಉದ್ದ ಪೈಜಾಮ, ಅದರ ಮೇಲೆ ಪ್ಯಾಂಟು, ಆಮೇಲೆ ಸ್ವೆಟರು. ಅದರ ಮೇಲೆ ಕೆಸರಿಗೆಂದೇ ಇರುವ ರಬ್ಬರು ಲೇಪದ ಪ್ಯಾಂಟು, ಅದರ ಪಟ್ಟಿಗಳನ್ನು ಹೆಗಲ ಮೇಲೆ ಎಳೆದು ಎದೆಯ ಮುಂದೆ ಗುಂಡಿಗೆ ಸಿಕ್ಕಿಸಬೇಕು. ಬೂಟು ಹಾಕಿದ ಮೇಲೆ ಆ ಪ್ಯಾಂಟಿನ ಕೆಳತುದಿಯನ್ನು ಬೂಟಿನ ಹೊರಗೆ ಎಳೆದು, ತುದಿಯ ಎಲಾಸ್ಟಿಕ್ಕನ್ನು ಅಟ್ಟೆಯ ಕೆಳಗೆ ತೊಡಿಸಬೇಕು. ಇಲ್ಲದಿದ್ದರೆ ನೀರೆಲ್ಲ ಬೂಟಿನೊಳಗೆ. ಕೊನೆಗೆ ಟೋಪಿ, ಕೈಗವಸು. ಕೈಗವಸಿನೊಳಗೆ ಅವನ ಹೆಬ್ಬೆರಳು ತನ್ನ ಜಾಗ ಹುಡುಕಿಕೊಳ್ಳುವವರೆಗೆ ಕಾಯಬೇಕು. ನಾವೇ ತುರುಕಲು ಹೋದರೆ ಅಳು. ಎಲ್ಲ ಮುಗಿದಾಗ "ಉಚ್ಚೆ" ಎನ್ನುತ್ತಿದ್ದ. ಮತ್ತೆ ಮೊದಲಿಂದ. ಮೂರು ವರ್ಷದ ಮಗುವಿಗೆ ಅವಸರ ಮಾಡುವುದರಿಂದ ಏನೂ ನಡೆಯುವುದಿಲ್ಲ ಎಂದು ನನಗೆ ತಿಳಿದದ್ದು ಆ ಬಾಗಿಲ ಬಳಿಯ ಪುಟ್ಟ ಬೆಂಚಿನ ಮೇಲೆ. ತಾಳ್ಮೆ ಎನ್ನುವುದು ಹುಟ್ಟುಗುಣವಲ್ಲ, ದಿನಾ ಅರ್ಧ ಗಂಟೆ ಮುಂಚೆ ಏಳುವುದು ಅಷ್ಟೆ.

ಅಕ್ಟೋಬರ್ ಚೆನ್ನಾಗಿಯೇ ಇತ್ತು. ವಾರದಲ್ಲಿ ಎರಡು ಸಂಜೆ ಊರಿನ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಭಾಷಾ ತರಗತಿ. ಅಲ್ಲಿ ನನ್ನಂಥ ಓಪೇರ್‌ಗಳು ಬಹಳ ಮಂದಿ: ಜಾರ್ಜಿಯಾದವಳು, ಕೊಲಂಬಿಯಾದವಳು, ಮಡಗಾಸ್ಕರ್‌ನವಳು, ಕೀನ್ಯಾದವಳು. ನಮ್ಮೆಲ್ಲರಿಗೂ ಇದ್ದ ಒಂದೇ ಭಾಷೆ ಅರ್ಧಂಬರ್ಧ ಜರ್ಮನ್. ಆ ಭಾಷೆಯಲ್ಲೇ ನಗುತ್ತಿದ್ದೆವು, ಅದರಲ್ಲೇ ಅಳುತ್ತಿದ್ದೆವು.

ನವೆಂಬರ್ ಬಂತು, ಬೇಗ ಕತ್ತಲಾಗತೊಡಗಿತು. ಆಸ್ಪತ್ರೆಯಲ್ಲಿ ಯಾರೋ ರಜೆ ಹಾಕಿದ್ದರಿಂದ ಯಜಮಾನತಿಯ ಡ್ಯೂಟಿ ಹೆಚ್ಚಿತು. ಬಾಸೆಲ್ ರೈಲು ತಡವಾಗತೊಡಗಿತು. "ಇವತ್ತೊಂದು ದಿನ ಸ್ವಲ್ಪ ಹೊತ್ತು ನೋಡಿಕೊಳ್ಳುತ್ತೀಯಾ?" ಎಂದು ಫೋನು. ಖಂಡಿತ ಎನ್ನುತ್ತಿದ್ದೆ. ಆ ಒಂದು ದಿನ ಮರುದಿನವೂ ಬರುತ್ತಿತ್ತು. ಸಂಜೆಯ ತರಗತಿಗೆ ಹೊರಡಲು ಚಪ್ಪಲಿ ಮೆಟ್ಟುವ ಹೊತ್ತಿಗೆ ಸಂದೇಶ ಬರುತ್ತಿತ್ತು. ಶನಿವಾರ ರಾತ್ರಿ ಅವರಿಬ್ಬರೂ ಊಟಕ್ಕೆ ಹೊರಗೆ ಹೋದರೆ ಮಕ್ಕಳ ಜೊತೆ ನಾನು. ಬಟ್ಟೆ ಒಗೆಯುವ ಯಂತ್ರ ತುಂಬುವುದು, ಒಣಗಿದ್ದನ್ನು ಮಡಚುವುದು, ಕಸವನ್ನು ಹಸಿ, ಕಾಗದ, ಪ್ಯಾಕಿಂಗು, ಗಾಜು ಎಂದು ಬೇರೆ ಬೇರೆ ಮಾಡಿ ಹಾಕುವುದು, ಎಲ್ಲವೂ ಒಂದೊಂದಾಗಿ ನನ್ನ ಕಡೆಗೆ ಸರಿದವು. ಯಾರೂ ಗದರಲಿಲ್ಲ, ಯಾರೂ ಕೆಟ್ಟವರಾಗಿರಲಿಲ್ಲ. ದಿನಾ "ನೀನಿಲ್ಲದಿದ್ದರೆ ನಮ್ಮ ಗತಿ ಏನು" ಎನ್ನುತ್ತಿದ್ದರು. ಅದು ನಿಜವಾದ ಮಾತೇ ಆಗಿತ್ತು. ಹಾಗಾಗಿಯೇ ಇಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೇಳಿದ ಕೆಲಸಕ್ಕೆ ಎದ್ದು ಹೋಗುವುದನ್ನು ಒಳ್ಳೆಯತನ ಎಂದೇ ನಮಗೆ ಕಲಿಸಿರುತ್ತಾರೆ. ಬೇಸರವಾದರೆ ಮುಖ ಊದಿಸಿಕೊಳ್ಳುವುದು ಗೊತ್ತು, ಹಿತ್ತಿಲಲ್ಲಿ ನಿಂತು ಗೊಣಗುವುದು ಗೊತ್ತು. ಎದುರು ಕೂತು, ದನಿ ಏರಿಸದೆ, ಇದು ಹೀಗಲ್ಲ ಎಂದು ಹೇಳುವುದು ನನಗೆ ಮನೆಯಲ್ಲೂ ಗೊತ್ತಿರಲಿಲ್ಲ, ಕಾಲೇಜಿನಲ್ಲೂ ಗೊತ್ತಿರಲಿಲ್ಲ.

ಒಂದು ದಿನ ತರಗತಿ ಮುಗಿದು ಟ್ರಾಮಿಗೆ ಕಾಯುವಾಗ ಜಾರ್ಜಿಯಾದ ಗೆಳತಿ ಕೇಳಿದಳು, "ಈ ವಾರ ಎಷ್ಟು ಗಂಟೆ ಆಯಿತು ನಿನ್ನದು?" ಗೊತ್ತಿಲ್ಲ ಎಂದೆ. "ಬರಿ. ಬರೆಯದೆ ಇದ್ದರೆ ನಿನಗೆ ಆಯಾಸ ಅಷ್ಟೇ. ಬರೆದರೆ ಲೆಕ್ಕ." ಅಪ್ಪನ ಮಾತನ್ನು ಕಪ್ಪು ಸಮುದ್ರದ ದಂಡೆಯ ಹುಡುಗಿಯೊಬ್ಬಳು ಹೇಳಿದಂತಾಯಿತು. ಆವತ್ತೇ ರಾತ್ರಿ ಪೆಟ್ಟಿಗೆಯಿಂದ ಊರಿನ ನೋಟ್‌ಬುಕ್ಕು ತೆಗೆದೆ. ಎಡಗಡೆ ತಾರೀಖು, ನಡುವೆ ಎಷ್ಟರಿಂದ ಎಷ್ಟರವರೆಗೆ, ಬಲಗಡೆ ಏನು ಕೆಲಸ ಎಂದು ಕನ್ನಡದಲ್ಲಿ. ಯಾರ ಮೇಲೂ ದೂರು ಬರೆಯಲಿಲ್ಲ. ಗಂಟೆ ಮಾತ್ರ ಬರೆದೆ. ವಾರದ ಕೊನೆಗೆ ಕೂಡಿಸಿದರೆ 40 ದಾಟುತ್ತಿತ್ತು. ಮುಂದಿನ ವಾರವೂ ಅಷ್ಟೇ.

ಆ ಕತ್ತಲ ತಿಂಗಳಲ್ಲಿ ಒಂದು ಬೆಳಕಿನ ಸಂಜೆಯೂ ಇತ್ತು, ಅದನ್ನು ಬಿಡಬಾರದು. ನವೆಂಬರ್ 11 ಸಂತ ಮಾರ್ಟಿನನ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವನು ಅವನು. ಆ ದಿನಗಳಲ್ಲಿ ಮಕ್ಕಳು ತಾವೇ ಮಾಡಿದ ಕಾಗದದ ಲಾಟೀನುಗಳನ್ನು ಕೋಲಿಗೆ ಸಿಕ್ಕಿಸಿಕೊಂಡು ಹಾಡುತ್ತ ಬೀದಿಯಲ್ಲಿ ನಡೆಯುತ್ತವೆ. ಚಿಕ್ಕವನ ಲಾಟೀನನ್ನು ನಾನೂ ಅವನೂ ಸೇರಿ ಅಂಟಿಸಿದ್ದೆವು. ಜನಜಂಗುಳಿಯಲ್ಲಿ ಅವನು ಅಮ್ಮನನ್ನು ಬಿಟ್ಟು ಬಂದು ನನ್ನ ಬೆರಳು ಹಿಡಿದುಕೊಂಡ. ಯಜಮಾನತಿ ಅದನ್ನು ನೋಡಿದರು. ಅವರ ಮುಖದಲ್ಲಿ ಸಂತೋಷವೂ ಇತ್ತು, ನೋವೂ ಇತ್ತು. ಆ ತಾಯಿಗೂ ತನ್ನ ಮಕ್ಕಳ ಜೊತೆ ಇರಲು ಗಂಟೆಗಳಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವರ ಮೇಲಿದ್ದ ಸಿಟ್ಟು ಇಳಿಯಿತು. ಮಾತಾಡಬೇಕೆಂಬ ನಿರ್ಧಾರ ಮಾತ್ರ ಇಳಿಯಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಅಲ್ಲಿ ಮೇಜಿನ ಮೇಲೆ ಹಸಿರೆಲೆಯ ಹಾರವಿಟ್ಟು ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುತ್ತಾರೆ. ಆ ವರ್ಷ ಮೊದಲನೆಯದು ಡಿಸೆಂಬರ್ 2ರಂದು. ಮಕ್ಕಳು ಮಲಗಿದ ಮೇಲೆ ಅವರಿಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ನೋಟ್‌ಬುಕ್ಕು ಹಿಡಿದು ಹೋಗಿ ನಿಂತೆ. ಐದು ನಿಮಿಷ ಮಾತಾಡಬೇಕು ಎಂದೆ. ಕೂರು ಎಂದರು.

ಹೇಳಬೇಕಾದ ವಾಕ್ಯಗಳನ್ನು ಕಾಗದದಲ್ಲಿ ಬರೆದುಕೊಂಡು ಟ್ರಾಮಿನಲ್ಲಿ ಬಾಯಿಪಾಠ ಮಾಡಿದ್ದೆ. ಅವನ್ನೇ ಹೇಳಿದೆ. "ಮಕ್ಕಳ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ಈ ಮನೆಯಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ. ಆದರೆ ನಾವು ಸಹಿ ಮಾಡಿದ್ದು ವಾರಕ್ಕೆ 30 ಗಂಟೆಗೆ. ಈಗ 40 ದಾಟುತ್ತಿದೆ. ನನ್ನ ತರಗತಿ ತಪ್ಪುತ್ತಿದೆ. ನಾನು ಬಂದದ್ದು ಭಾಷೆ ಕಲಿಯಲಿಕ್ಕೆ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊದಲು ಮಾತಾಡಿದವರು ಗಂಡ. "ನಿನ್ನನ್ನು ನಾವು ಮನೆಯವಳೆಂದೇ ತಿಳಿದಿದ್ದೇವೆ," ಎಂದರು. "ಮನೆಯವರ ನಡುವೆ ಗಂಟೆ ಎಣಿಸುತ್ತೇವಾ?"

ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಈ ಪ್ರಶ್ನೆಗೆ ನನ್ನ ಕಾಗದದಲ್ಲಿ ಉತ್ತರ ಇರಲಿಲ್ಲ. ಡಿಸೆಂಬರ್ ಎಂದರೆ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕಾಲ. ಅಂಗಳದಲ್ಲಿ ಬಲ್ಬು ಉರಿಸಿಕೊಂಡು ರಾತ್ರಿ ಹತ್ತು ಹನ್ನೊಂದರವರೆಗೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಒಬ್ಬೊಬ್ಬರು ಸುಲಿದದ್ದಕ್ಕೂ ಡಬ್ಬದ ಲೆಕ್ಕ. ಅಪ್ಪ ಬರೆದಿಟ್ಟು ವಾರಕ್ಕೊಮ್ಮೆ ಕೂಲಿ ಬಟವಾಡೆ ಮಾಡುತ್ತಾರೆ. ಅವರಿಗೆಲ್ಲ ಚಹಾ ಕಾಯಿಸುವ, ಅವಲಕ್ಕಿ ಕಲಸುವ, ಎಲ್ಲರೂ ಹೋದ ಮೇಲೆ ಅಂಗಳ ಗುಡಿಸುವ ಅಮ್ಮನ ಹೆಸರು ಆ ಪುಸ್ತಕದಲ್ಲಿ ಯಾವತ್ತೂ ಬಂದಿಲ್ಲ. ಅವಳು ಮನೆಯವಳು.

ನಾನು ಅದನ್ನೇ ಹೇಳಿದೆ. ವ್ಯಾಕರಣವೆಲ್ಲ ತಪ್ಪಿತ್ತು, ಕ್ರಿಯಾಪದಗಳು ಎಲ್ಲೆಲ್ಲೋ ಬಿದ್ದಿದ್ದವು, ಆದರೂ ನಿಲ್ಲಿಸಲಿಲ್ಲ. "ನಮ್ಮ ಮನೆಯಲ್ಲಿ ನನ್ನ ಅಮ್ಮ ಮನೆಯವಳು. ಬೆಳಗ್ಗೆ ಐದಕ್ಕೆ ಏಳುತ್ತಾಳೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲಗುತ್ತಾಳೆ. ಮನೆಯವಳು ಅಂತಲೇ ಅವಳ ಗಂಟೆಗಳನ್ನು ಯಾರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ. ಅದು ಸರಿಯಲ್ಲ ಅಂತ ನನಗೆ ಇಲ್ಲಿಗೆ ಬಂದ ಮೇಲೆ ಅನಿಸಿತು."

ಯಜಮಾನತಿ ಕೈ ಚಾಚಿ ನೋಟ್‌ಬುಕ್ಕು ತೆಗೆದುಕೊಂಡರು. ಅಂಕಿಗಳು ಅವರಿಗೆ ಅರ್ಥವಾಗುತ್ತಿದ್ದವು, ಕನ್ನಡ ಅರ್ಥವಾಗುತ್ತಿರಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು "ಇದೇನು, ರಾತ್ರಿ 2ರಿಂದ 4?" ಎಂದರು. "ಚಿಕ್ಕವನಿಗೆ ಜ್ವರ ಬಂದಿತ್ತು, ನೀವು ರಾತ್ರಿ ಡ್ಯೂಟಿಯಲ್ಲಿದ್ದಿರಿ. ಎಬ್ಬಿಸುವುದು ಬೇಡ ಅಂತ ಅವರನ್ನೂ ಎಬ್ಬಿಸಲಿಲ್ಲ," ಎಂದೆ. ಅದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಆಕೆ ಇನ್ನೊಂದು ಸಾಲು ತೋರಿಸಿದರು, ಮತ್ತೊಂದು ತೋರಿಸಿದರು. ನಾನು ಒಂದೊಂದನ್ನೂ ಜರ್ಮನ್‌ನಲ್ಲಿ ಹೇಳುತ್ತಾ ಹೋದೆ. ಅರ್ಧ ತಿಂಗಳಿನ ಅವರ ಮನೆಯ ಬದುಕನ್ನು ಅವರು ನನ್ನ ಬಾಯಿಂದ ಕೇಳಿದರು.

ಪುಸ್ತಕ ಮುಚ್ಚಿ ಆಕೆ ಹೇಳಿದ್ದು ನನಗೆ ಇಂದಿಗೂ ಹಾಗೇ ನೆನಪಿದೆ: "ನೀನು ಹೇಳುವುದು ಸರಿ. ಆಸ್ಪತ್ರೆಯಲ್ಲಿ ನನ್ನ ಕೈಕೆಳಗಿನವರಿಗೆ ಹೀಗೆ ಆಗಲು ನಾನು ಬಿಡುತ್ತಿರಲಿಲ್ಲ." ಗಂಡ ಏನೋ ಹೇಳಹೊರಟು ಸುಮ್ಮನಾದರು, ಆಮೇಲೆ ಎದ್ದು ನನಗೂ ಒಂದು ಲೋಟ ಚಹಾ ತಂದಿಟ್ಟರು.

ಮರುದಿನ ಆಸ್ಪತ್ರೆಯ ಡ್ಯೂಟಿ ಚಾರ್ಟಿನ ಮಾದರಿಯಲ್ಲೇ ಆಕೆ ವಾರದ ಪಟ್ಟಿ ಮಾಡಿದರು. ಏಳು ದಿನ, ನಾಲ್ಕು ಬಣ್ಣ: ಅಮ್ಮ, ಅಪ್ಪ, ನಾನು, ಮತ್ತು ಹೊಸದಾಗಿ ಗೊತ್ತು ಮಾಡಿದ ಒಬ್ಬ ವಿದ್ಯಾರ್ಥಿನಿ. ನನ್ನ ತರಗತಿಯ ಎರಡು ಸಂಜೆಗಳ ಮೇಲೆ ದಪ್ಪ ಗೆರೆ. ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿದ ಆ ಹಾಳೆಯನ್ನು ಹಿರಿಯವಳು ದಿನಾ ಬೆಳಗ್ಗೆ ಓದುತ್ತಿದ್ದಳು, ಅವಳಿಗೆ ಆಗಷ್ಟೇ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. "ಇವತ್ತು ಅಪ್ಪ!" ಎಂದು ಕೂಗುತ್ತಿದ್ದಳು. ಅಪ್ಪ ವಾರಕ್ಕೊಂದು ದಿನ ಬೇಗ ಬರತೊಡಗಿದ್ದರು.

ಸಂಜೆ ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಬಂದ ಆ ವಿದ್ಯಾರ್ಥಿನಿಯ ಕೂಲಿ ಗಂಟೆಯ ಲೆಕ್ಕದಲ್ಲಿತ್ತು. ಆಗ ಜರ್ಮನಿಯ ಕನಿಷ್ಠ ಕೂಲಿಯೇ ಗಂಟೆಗೆ 8.84 ಯೂರೋ. ನನ್ನ 260 ಯೂರೋವನ್ನು ತಿಂಗಳ ಗಂಟೆಗಳಿಗೆ ಹಂಚಿದರೆ ಗಂಟೆಗೆ ಎರಡು ಯೂರೋ ಆಗುತ್ತದೆ. ಊಟ, ಕೋಣೆ, ವಿಮೆ ಬೇರೆ ಇದೆ ನಿಜ. ಓಪೇರ್‌ಗೆ ಕೊಡುವುದು ಸಂಬಳವಲ್ಲ, ಕೈಖರ್ಚು ಎನ್ನುತ್ತದೆ ಅಲ್ಲಿನ ಕಾನೂನು. ಕನಿಷ್ಠ ಕೂಲಿಯ ರಕ್ಷಣೆ ಅದಕ್ಕಿಲ್ಲ. ಆದ್ದರಿಂದಲೇ ಗಂಟೆಯ ಮಿತಿ ಅಷ್ಟು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ದುಡ್ಡಿಗೆ ಬೇಲಿಯಿಲ್ಲದ ಕಡೆ ಹೊತ್ತಿಗಾದರೂ ಬೇಲಿ ಇರಬೇಕು. ಅದನ್ನೂ ಕಿತ್ತರೆ ಉಳಿಯುವುದು ಹೆಸರು ಬದಲಾದ ಜೀತ.

ಈ ಮಾತು ಭಾರವಾಯಿತು ಅನಿಸಬಹುದು. ಆದರೆ ಜನವರಿ 2019ರಲ್ಲಿ ಬಂದ ಒಂದು ಸುದ್ದಿಯನ್ನು ನಮ್ಮ ತರಗತಿಯಲ್ಲಿ ಎಲ್ಲರೂ ಸೇರಿ ಓದಿದೆವು. ಅಮೆರಿಕದಲ್ಲಿ ಓಪೇರ್‌ಗಳು ವಾರಕ್ಕೆ 45 ಗಂಟೆಯವರೆಗೆ ದುಡಿಯಬಹುದು, ವಾರದ ಕೈಖರ್ಚು 195.75 ಡಾಲರ್. ಅಲ್ಲಿನ ಏಜೆನ್ಸಿಗಳೆಲ್ಲ ಸೇರಿ ಆ ದುಡ್ಡನ್ನು ಕೆಳಗೇ ಹಿಡಿದಿಟ್ಟಿದ್ದಾರೆ ಎಂದು ಕೆಲವು ಓಪೇರ್‌ಗಳು 2014ರಲ್ಲಿ ಕೊಲರಾಡೋದ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. ಅದು ಆಗ ರಾಜಿಗೆ ಬಂದು, ಏಜೆನ್ಸಿಗಳು ಒಟ್ಟು 6.55 ಕೋಟಿ ಡಾಲರ್ ಕೊಡಲು ಒಪ್ಪಿದ್ದವು. ಓದಿ ಮುಗಿಸಿದಾಗ ಕೊಲಂಬಿಯಾದ ಹುಡುಗಿ ಮೇಜು ಕುಟ್ಟಿದಳು. ಮಡಗಾಸ್ಕರ್‌ನವಳು ಮಾತ್ರ ಮೊದಲು ಏನೂ ಹೇಳಲಿಲ್ಲ. ಅವಳಿದ್ದ ಮನೆಯಲ್ಲಿ ಅವಳಿಗೆ ರಜೆಯೇ ಇರಲಿಲ್ಲ, ಊಟವನ್ನೂ ಅಳೆದು ಕೊಡುತ್ತಿದ್ದರು. ಆವತ್ತು ಅವಳು ಮೊದಲ ಸಲ ಅದನ್ನು ಬಾಯಿ ಬಿಟ್ಟು ಹೇಳಿದಳು. ನಾವೆಲ್ಲ ಸೇರಿ ಅವಳ ಗಂಟೆಗಳನ್ನು ಬರೆಸಿದೆವು, ಅವಳ ಏಜೆನ್ಸಿಗೆ ಪತ್ರ ಬರೆಯಲು ಕೂತೆವು. ಬೇರೆ ಮನೆ ಸಿಗುವವರೆಗೆ ಕೆಲವು ದಿನ ಕೀನ್ಯಾದ ಗೆಳತಿಯ ಪರಿಚಯದವರ ಮನೆಯಲ್ಲಿದ್ದಳು. ಮನೆ ಬದಲಿಸಲು ಅವಕಾಶವಿದೆ. ಆದರೆ ವೀಸಾ ಓಪೇರ್ ಕೆಲಸಕ್ಕೇ ಅಂಟಿಕೊಂಡಿರುವುದರಿಂದ ಮನೆ ಬಿಟ್ಟರೆ ದೇಶವನ್ನೇ ಬಿಡಬೇಕಾದೀತೆಂಬ ಭಯ ಹುಡುಗಿಯರ ಬಾಯಿ ಕಟ್ಟಿಬಿಡುತ್ತದೆ. ನನ್ನ ಮೇಜಿನ ಮುಂದೆ ಕೂತವರು ಕೇಳುವ ಮನಸ್ಸಿನವರಾಗಿದ್ದರು. ಅವಳಿಗೆ ಹಾಗೆ ಸಿಗಲಿಲ್ಲ. ಧೈರ್ಯ ಅವಳದ್ದೇ ದೊಡ್ಡದು.

ವಸಂತದಲ್ಲಿ ಜಾರ್ಜಿಯಾದ ಗೆಳತಿಯ ಜೊತೆ ರೈನ್ ದಾಟಿ ಸ್ಟ್ರಾಸ್‌ಬರ್ಗ್‌ಗೆ ಹೋದೆ. ಅಲ್ಲಿ ಯುರೋಪ್ ಮಂಡಳಿಯ ದೊಡ್ಡ ಕಟ್ಟಡವಿದೆ, ಮುಂದೆ ಸಾಲು ಧ್ವಜಗಳು. ಅವಳು ತನ್ನ ದೇಶದ ಧ್ವಜ ಹುಡುಕಿ ಫೋಟೋ ತೆಗೆಸಿಕೊಂಡಳು. ಓಪೇರ್‌ಗಳ ಬಗ್ಗೆ ಯುರೋಪಿನ ದೇಶಗಳ ನಡುವೆ ಮೊದಲ ಒಪ್ಪಂದ ಆದದ್ದು ಇದೇ ಊರಿನಲ್ಲಿ, 1969ರಲ್ಲಿ. ದಿನಕ್ಕೆ ಸಾಮಾನ್ಯವಾಗಿ ಐದು ಗಂಟೆಗಿಂತ ಹೆಚ್ಚು ಕೆಲಸ ಇರಬಾರದು, ತರಗತಿಗೆ ಹೋಗಲು ಹೊತ್ತು ಬಿಡಬೇಕು ಎಂದು ಅದರಲ್ಲಿ ಬರೆದಿದೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಯಾರೋ ಕೂತು ನನ್ನ ಸಂಜೆಯ ತರಗತಿಯ ಬಗ್ಗೆ ಯೋಚಿಸಿದ್ದರು ಎಂಬುದು ನನ್ನನ್ನು ಆ ಫುಟ್‌ಪಾತಿನ ಮೇಲೆ ಬಹಳ ಹೊತ್ತು ನಿಲ್ಲಿಸಿತು. ಕಾನೂನು ಎಂದರೆ ಅಲ್ಲಿಯವರೆಗೆ ನನಗೆ ತಾಲ್ಲೂಕು ಕಚೇರಿ, ಪಹಣಿ, ಅಲೆದಾಟ. ಒಬ್ಬ ಹುಡುಗಿಯ ಸಂಜೆಯನ್ನು ಕಾಯುವುದೂ ಕಾನೂನೇ ಎಂದು ಅಂದು ತಿಳಿಯಿತು. ಸಮಾಜಕಾರ್ಯ ಓದುತ್ತೇನೆ ಎಂದು ಅಂದು ವಾಪಸು ಬರುವ ಬಸ್ಸಿನಲ್ಲಿ ಅಪ್ಪನಿಗೆ ಫೋನು ಮಾಡಿದೆ. "ಆಯ್ತು, ಫೀಸ್ ಎಷ್ಟು ನೋಡು," ಎಂದರು.

ಉಳಿದದ್ದು ಬೇಗ ಹೇಳುತ್ತೇನೆ. ಬೇಸಿಗೆ ಬಂತು. ಬಿ1 ಪರೀಕ್ಷೆ ಪಾಸಾಯಿತು. ರಜೆಯ ದಿನ ಮಕ್ಕಳೇ ಹಟ ಹಿಡಿದು ನನ್ನನ್ನು 1284 ಮೀಟರ್ ಎತ್ತರದ ಷೌಇನ್ಸ್‌ಲಾಂಡ್ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಕರೆದುಕೊಂಡು ಹೋದರು. ಹೊರಡುವ ದಿನ ಹಿರಿಯವಳು ಫ್ರಿಜ್ಜಿನಿಂದ ಕೊನೆಯ ವಾರದ ಪಟ್ಟಿಯನ್ನು ಕಿತ್ತು ನನ್ನ ಬ್ಯಾಗಿಗೆ ಹಾಕಿದಳು. ಯಜಮಾನತಿ ಈಗಲೂ ವರ್ಷಕ್ಕೊಮ್ಮೆ ಪತ್ರ ಬರೆಯುತ್ತಾರೆ.

ಊರಿಗೆ ಬಂದ ಮೊದಲ ವಾರ ನಾನು ಕೆಲಸಕ್ಕೆ ಕೈ ಹಾಕದೆ ಅಮ್ಮನ ಹಿಂದೆ ನೋಟ್‌ಬುಕ್ಕು ಹಿಡಿದು ಓಡಾಡಿದೆ. ಅವಳು ಏಳುವುದು, ಒಲೆ ಹಚ್ಚುವುದು, ಹಾಲು ಕರೆಯುವುದು, ದೋಸೆ, ದೇವರ ಪಾತ್ರೆ, ಮಧ್ಯಾಹ್ನದ ಅಡುಗೆ, ಒಣಹಾಕುವುದು, ತೆಗೆಯುವುದು, ಅಜ್ಜಿಯ ಔಷಧ. "ಇದನ್ನೆಲ್ಲ ಬರೆದು ಏನು ಮಾಡ್ತೀಯೇ, ಹುಚ್ಚಿ?" ಎಂದಳು. ರಾತ್ರಿ ಕೂಡಿಸಿದರೆ ದಿನಕ್ಕೆ 15 ಗಂಟೆ. ಜಗುಲಿಯಲ್ಲಿ ಎಲ್ಲರ ಮುಂದೆ ಓದಿದೆ. ಅಪ್ಪ ಮಂಡಿಯ ಲೆಕ್ಕ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಅಮ್ಮನಿಗೆ ಏನು ಬೇಕು ಎಂದು ಕೇಳಿದ್ದು ಅಜ್ಜಿ. ಬಹಳ ಹೊತ್ತು ಏನೂ ಬೇಡ ಎನ್ನುತ್ತಲೇ ಇದ್ದ ಅಮ್ಮ ಕಡೆಗೆ, ಪೇಟೆಯಲ್ಲಿ ಶನಿವಾರ ಮಧ್ಯಾಹ್ನ ಗಮಕ ಕಲಿಸುತ್ತಾರಂತೆ, ಒಂದೆರಡು ಸಲ ಹೋಗಿ ನೋಡಬೇಕೆಂದಿತ್ತು ಎಂದಳು. ಅವಳಿಗೆ ಹಾಡುವ ಆಸೆ ಇತ್ತೆಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಶನಿವಾರ ಮಧ್ಯಾಹ್ನದ ಕಾಫಿ ಅಪ್ಪನದ್ದು.

ನಮ್ಮ ಕೊಟ್ಟಿಗೆ ಕೆಲಸಕ್ಕೆ, ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬರುತ್ತಾರೆ. ಚಿಕ್ಕಂದಿನಿಂದ ಅಕ್ಕ ಎಂದೇ ಕರೆದಿದ್ದೇವೆ. ಅವರನ್ನು ಮನೆಯವರೆಂದೇ ತಿಳಿದಿದ್ದೇವೆ ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಆ ಮಾತು ನನಗೆ ಈಗ ಬೇರೆಯಾಗಿ ಕೇಳಿಸಿತು. ಅಕ್ಕನಿಗೆ ವಾರದ ರಜೆ ಎಂಬುದೇ ಇರಲಿಲ್ಲ. ಮದುವೆಯೋ ಸಾವೋ ಆದರೆ ಬರುತ್ತಿರಲಿಲ್ಲ, ಅಷ್ಟೆ. ಸಮಾಜಕಾರ್ಯದ ತರಗತಿಯಲ್ಲಿ ಆಮೇಲೆ ಓದಿದೆ: ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿ ನಮ್ಮ ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗೆಂದೇ ಮಾಡಿದ 189ನೇ ಒಡಂಬಡಿಕೆ ವಾರಕ್ಕೆ ಸತತ 24 ಗಂಟೆಯಾದರೂ ಬಿಡುವು ಕೊಡಬೇಕು ಎನ್ನುತ್ತದೆ. ಜರ್ಮನಿ ಅದಕ್ಕೆ 2013ರಲ್ಲಿ ಅನುಮೋದನೆ ಕೊಟ್ಟಿತು. ಭಾರತ ಕೊಟ್ಟಿಲ್ಲ. ಆದರೆ ಒಂದು ಮನೆ ರಜೆ ಕೊಡುವುದಕ್ಕೆ ದೆಹಲಿಯ ಸಹಿ ಬೇಕಿಲ್ಲ. ಅಕ್ಕ ಈಗ ಭಾನುವಾರ ಬರುವುದಿಲ್ಲ, ಕೂಲಿ ಕಡಿಮೆಯಾಗುವುದಿಲ್ಲ. ಆ ದಿನ ಸಗಣಿ ಬಾಚುವುದು ನನ್ನ ತಮ್ಮ.

ಓಪೇರ್ ಆಗಿ ಹೋಗಬೇಕೆಂದು ನನ್ನನ್ನು ಕೇಳುವ ಹುಡುಗ ಹುಡುಗಿಯರಿಗೆ ಹೋಗಿ ಎಂದೇ ಹೇಳುತ್ತೇನೆ. ವೀಸಾಕ್ಕೆಂದು ಮೊದಲೇ ದುಡ್ಡು ಕಳಿಸಿ ಎನ್ನುವ ಮನೆ ನಿಜವಾದ ಮನೆಯಲ್ಲ, ನಂಬಬೇಡಿ. ಒಪ್ಪಂದವನ್ನು ಅಪ್ಪ ಅಮ್ಮನ ಮುಂದೆ ಜೋರಾಗಿ ಓದಿ. ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ.

ಇದನ್ನು ಮನೆಯಲ್ಲಿ ಕೂತು ಓದುತ್ತಿರುವ ನಿಮಗೆ ಬೇರೆ ಮಾತಿದೆ. ನಿಮ್ಮ ಮನೆಗೂ ಯಾರಾದರೂ ಕೆಲಸಕ್ಕೆ ಬರುತ್ತಿದ್ದರೆ, ನಾಳೆ ಬೆಳಗ್ಗೆ ಅವರನ್ನು ಕೂರಿಸಿ ಕೇಳಿ: ವಾರದಲ್ಲಿ ಯಾವ ದಿನ ರಜೆ ಬೇಕು?